ತೊಟ್ಟಿಯ ಮೇಲಿನ ಆಕಾಶ

ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರನ್ನು ಪೊಲೀಸರು ಒಂದು ದರೋಡೆ ಪ್ರಕರಣದಲ್ಲಿ ಹಿಡಿದರು. ಸಾಕ್ಷ್ಯ ಸಿಗಲಿಲ್ಲ, ಬಿಟ್ಟರು. ಬಿಟ್ಟ ಮೇಲೂ ಅವರ ಹೆಸರಿನಲ್ಲಿ ಹಿಸ್ಟರಿ ಶೀಟ್ ತೆರೆಯಿತು. ನಮ್ಮಲ್ಲಿ ರೌಡಿ ಪಟ್ಟಿ ಅನ್ನುತ್ತೇವಲ್ಲ, ಅಂಥದೇ ಒಂದು ಕಡತ. ನಡುರಾತ್ರಿ ಬಾಗಿಲು ಬಡಿದು ಒಳಗೆ ಬಂದು ಮನುಷ್ಯ ಮನೆಯಲ್ಲಿದ್ದಾನೋ ಇಲ್ಲವೋ ಎಂದು ನೋಡುವುದು, ಎಲ್ಲಿಗೆ ಹೋದ, ಯಾರು ಬಂದರು ಎಂದು ಬರೆದಿಟ್ಟುಕೊಳ್ಳುವುದು, ಊರು ಬಿಟ್ಟರೆ ಹೋದ ಊರಿನ ಠಾಣೆಗೆ ಸುದ್ದಿ ಮುಟ್ಟಿಸುವುದು, ಇವೆಲ್ಲ ಶುರುವಾದವು. ಆ ಮನುಷ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು.

1962ರ ಡಿಸೆಂಬರ್ 18ರಂದು ಆರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ರಾತ್ರಿ ಮನೆಗೆ ಬರುವುದು ತಪ್ಪು ಎಂದಿತು. ಅದಕ್ಕೆ ಕೊಟ್ಟ ಕಾರಣ ಇವತ್ತಿಗೂ ಗಟ್ಟಿಯಾದದ್ದು. ಪೊಲೀಸರು ಆಧಾರವೆಂದು ತೋರಿಸಿದ ನಿಯಮಾವಳಿ ಶಾಸನಸಭೆ ಮಾಡಿದ ಕಾನೂನಾಗಿರಲಿಲ್ಲ, ಇಲಾಖೆ ತನ್ನ ಸಿಬ್ಬಂದಿಗಾಗಿ ಬರೆದುಕೊಂಡ ಸೂಚನೆಯಾಗಿತ್ತು. ಮೂಲಭೂತ ಹಕ್ಕಿಗೆ ಕೈ ಹಾಕಲು ಇಲಾಖೆಯ ಸೂಚನೆ ಸಾಲದು, ಕಾನೂನೇ ಬೇಕು. ಇಷ್ಟು ಹೇಳಿದ ಕೋರ್ಟು, ಹಿಂಬಾಲಿಸಿ ನಿಗಾ ಇಡುವುದಕ್ಕೆ ಮಾತ್ರ ಅಡ್ಡಿ ಮಾಡಲಿಲ್ಲ. ಸಂವಿಧಾನದಲ್ಲಿ ಖಾಸಗಿತನದ ಹಕ್ಕು ಇಲ್ಲ, ಇಲ್ಲದ ಹಕ್ಕಿಗೆ ಧಕ್ಕೆ ಎಲ್ಲಿಂದ ಬಂತು ಎಂಬುದು ಬಹುಮತದ ವಾದ. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ, ಅವರ ಜೊತೆ ನ್ಯಾಯಮೂರ್ತಿ ಷಾ ನಿಂತರು. ಪೊಲೀಸನ ಕಣ್ಣು ಬೆನ್ನ ಮೇಲೆ ನೆಟ್ಟಿರುವಾಗ ನಡೆಯುವುದು ಸ್ವತಂತ್ರ ನಡಿಗೆಯಲ್ಲ, ಅಂಥವನಿಗೆ ದೇಶವೆಲ್ಲ ಸೆರೆಮನೆಯೇ ಎಂಬ ಅರ್ಥದಲ್ಲಿ ಸುಬ್ಬರಾವ್ ಬರೆದರು.

ಆ ಅರ್ಧ ತೀರ್ಪನ್ನು ತಿದ್ದಲು ಸುಮಾರು 55 ವರ್ಷ ಹಿಡಿಯಿತು. ತಿದ್ದಿಸಿದವರು ನಮ್ಮ ರಾಜ್ಯದವರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ವಾದದ ನಡುವೆ ಸರ್ಕಾರ ಹಳೆಯ ಖರಕ್ ಸಿಂಗ್ ತೀರ್ಪನ್ನು ಮುಂದಿಟ್ಟಿತು. ಒಂಬತ್ತು ನ್ಯಾಯಮೂರ್ತಿಗಳು ಕೂತು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಆ ಒಂಬತ್ತು ಮಂದಿಯಲ್ಲಿ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಕೂಡ ಒಬ್ಬರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ದೇಶದ ಪ್ರತಿಯೊಬ್ಬ ಪ್ರಜೆಯೂ ಅವರಿಗೆ ಋಣಿ. ನಮ್ಮ ಶಾಲೆಗಳ ಪಾಠದಲ್ಲಿ ಅವರ ಹೆಸರು ಬರಬೇಕು ಎಂಬುದು ನನ್ನ ಆಸೆ.

ಈಗ ಎರಡು ತೀರ್ಪುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. 2017ರ ತೀರ್ಪಿನ ನಂತರ, ಹಿಂಬಾಲಿಸಿ ನಿಗಾ ಇಡುವುದೂ ಹಕ್ಕಿಗೆ ತಗಲುವ ಕೆಲಸ. 1962ರ ತೀರ್ಪಿನ ಪ್ರಕಾರ ಹಕ್ಕಿಗೆ ತಗಲುವ ಕೆಲಸಕ್ಕೆ ಇಲಾಖೆಯ ಸೂಚನೆ ಸಾಲದು. ಹಾಗಿದ್ದ ಮೇಲೆ ನಮ್ಮ ತಲೆಯ ಮೇಲೆ ಹಾರುವ ಪೊಲೀಸ್ ಡ್ರೋನು ಯಾವ ಕಾನೂನಿನ ಬಲದಿಂದ ಹಾರುತ್ತಿದೆ? ಈ ಹೊತ್ತು ನಾನು ಕೇಳಬೇಕೆಂದು ಬಂದಿರುವ ಪ್ರಶ್ನೆ ಇದೊಂದೇ.

ಕೇಂದ್ರ ಸರ್ಕಾರದ ಡ್ರೋನ್ ನಿಯಮಗಳು 2021ರ ಆಗಸ್ಟ್‌ನಲ್ಲಿ ಬಂದವು. 250 ಗ್ರಾಂ ಒಳಗಿದ್ದರೆ ನ್ಯಾನೊ, 2 ಕಿಲೊವರೆಗೆ ಮೈಕ್ರೊ, 25 ಕಿಲೊವರೆಗೆ ಸಣ್ಣದು, ಹೀಗೆ ತೂಕದ ವಿಂಗಡಣೆ ಅಲ್ಲಿದೆ. ಹಸಿರು, ಹಳದಿ, ಕೆಂಪು ವಲಯಗಳ ನಕ್ಷೆ ಇದೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು. ನೋಂದಣಿ ಇದೆ, ದಂಡ ಇದೆ. ವಿಮಾನಕ್ಕೆ ಡಿಕ್ಕಿಯಾಗದಂತೆ, ಯಾರ ತಲೆಯ ಮೇಲೂ ಬೀಳದಂತೆ ನೋಡಿಕೊಳ್ಳುವ ನಿಯಮಗಳಿವು. ಆದರೆ ಆ ಯಂತ್ರದ ಹೊಟ್ಟೆಗೆ ಕಟ್ಟಿದ ಕ್ಯಾಮೆರಾ ಯಾರನ್ನು ನೋಡಬಹುದು, ಎಷ್ಟು ಹೊತ್ತು ನೋಡಬಹುದು, ನೋಡಿದ್ದನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬ ಮಾತು ಅಲ್ಲಿ ಇಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಬಂದಾಗ ಇಂಥ ಯಂತ್ರವೇ ಇರಲಿಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಅಪರಾಧ ತಡೆ ಮತ್ತು ತನಿಖೆಯ ಕೆಲಸಕ್ಕೆ ದೊಡ್ಡ ವಿನಾಯಿತಿ ಕೊಟ್ಟು, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಸರ್ಕಾರಿ ಸಂಸ್ಥೆಗಳನ್ನು ಪೂರ್ತಿ ಹೊರಗಿಡಲು ಕೇಂದ್ರಕ್ಕೆ ಅಧಿಕಾರವನ್ನೂ ಕೊಟ್ಟಿದೆ. ಉಳಿಯುವುದು ಇಲಾಖೆಯ ಸೂಚನೆ. ಖರಕ್ ಸಿಂಗ್ ಅವರ ಬಾಗಿಲು ಬಡಿದವರ ಕೈಯಲ್ಲಿ ಇದ್ದದ್ದೂ ಅದೇ.

ಡ್ರೋನೇ ಬೇಡ ಎಂದು ನಾನು ಹೇಳುತ್ತಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಜನ, ಲಾರಿ ಎಲ್ಲ ಗಂಗಾವಳಿ ನದಿಯ ಪಾಲಾದಾಗ, ನೀರು ಮತ್ತು ಮಣ್ಣಿನ ಅಡಿಯಲ್ಲಿ ಎಲ್ಲಿ ಹುಡುಕಬೇಕು ಎಂದು ಗುರುತಿಸಲು ಡ್ರೋನ್ ತಂದರು. ಆ ಮಳೆಯಲ್ಲಿ, ಆ ಸೆಳವಿನಲ್ಲಿ ಮನುಷ್ಯ ಇಳಿಯಲಾಗದ ಜಾಗವದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಯಾವ ಗೇಟಿನ ಮುಂದೆ ಜನ ಉಸಿರುಗಟ್ಟುವಷ್ಟು ಒತ್ತುತ್ತಿದ್ದಾರೆ ಎಂದು ಮೇಲಿನಿಂದ ನೋಡಿ ಕೆಳಗಿನವರಿಗೆ ಕೂಗಿ ಹೇಳುವ ಕಣ್ಣು ಅಂಥ ಕಡೆ ಇರಲೇಬೇಕು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯ ಮುಂದೆ ನಿಂತು ಕ್ಯಾಮೆರಾ ಬೇಡ ಎನ್ನುವ ಬಾಯಿ ಯಾರಿಗೂ ಬಾರದು. ಆದರೆ ನೂಕುನುಗ್ಗಲನ್ನು ಅಳೆಯಲು ಮುಖ ಬೇಕಾಗಿಲ್ಲ. ತಲೆಗಳು ಎಷ್ಟು ದಟ್ಟವಾಗಿವೆ ಎಂದು ಗೊತ್ತಾದರೆ ಸಾಕು, ಆ ಚಿತ್ರವನ್ನು ಮರುದಿನದವರೆಗೆ ಇಟ್ಟುಕೊಳ್ಳುವ ಅಗತ್ಯವೂ ಇಲ್ಲ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ನೋಡು ಎಂದು ಹೇಳಲು ಒಂದು ಕಾನೂನು ಬೇಕು, ಅಷ್ಟೇ.

ನಮ್ಮ ಮನೆಗಳನ್ನು ನೆನೆದುಕೊಳ್ಳಿ. ಬೀದಿಗೆ ಕಾಣದಂತೆ ನಾವು ಗೋಡೆ ಎತ್ತುತ್ತೇವೆ, ಹಿತ್ತಿಲಿಗೆ ಬೇಲಿ ಹಾಕುತ್ತೇವೆ. ಆಕಾಶಕ್ಕೆ ಮಾತ್ರ ಎಂದೂ ಏನನ್ನೂ ಮರೆಮಾಡಿದವರಲ್ಲ. ತೊಟ್ಟಿಮನೆಯ ನಡುವೆ ಅಂಗಳ ತೆರೆದೇ ಇರುತ್ತದೆ. ಬಿಸಿಲು, ಮಳೆ, ಗಾಳಿ ಒಳಗೆ ಬರಲಿ ಎಂದೇ ಹಾಗೆ ಕಟ್ಟಿದ್ದು. ಮನೆಯ ಹೆಂಗಸರು ತಲೆಗೆ ನೀರು ಹಾಕಿಕೊಂಡು ಕೂದಲು ಆರಿಸಿಕೊಳ್ಳುವುದು, ಬಾಣಂತಿ ಎಳೆಬಿಸಿಲಿಗೆ ಕೂಸನ್ನು ಹಿಡಿಯುವುದು ಅಲ್ಲಿಯೇ. ನಗರದಲ್ಲಿ ಆ ಜಾಗವನ್ನು ತಾರಸಿ ತೆಗೆದುಕೊಂಡಿದೆ. ಸಂಡಿಗೆ ಒಣಗುವುದು ಅಲ್ಲಿ, ಬೇಸಿಗೆಯಲ್ಲಿ ಚಾಪೆ ಹಾಸಿ ಮಲಗುವುದು ಅಲ್ಲಿ, ಗಂಡ ಹೆಂಡತಿ ಮಕ್ಕಳ ಕಿವಿಗೆ ಬೀಳದಂತೆ ನಾಲ್ಕು ಮಾತಾಡಿಕೊಳ್ಳುವುದೂ ಅಲ್ಲೇ. ಹಳ್ಳಿಗಳಲ್ಲಿ ಇನ್ನೂ ಸೂರಿಲ್ಲದ ಬಚ್ಚಲುಗಳಿವೆ. ಬಡವನ ಮನೆ ಮೇಲಿನಿಂದ ನೋಡುವವನಿಗೆ ಹೆಚ್ಚು ತೆರೆದುಕೊಂಡಿರುತ್ತದೆ. ಎಸಿ ಹಾಕಿ ಕಿಟಕಿ ಮುಚ್ಚಿದವನಿಗೆ ಇರುವ ಖಾಸಗಿತನ ಅಂಗಳದಲ್ಲೇ ಬದುಕು ನಡೆಸುವವಳಿಗೆ ಇಲ್ಲ. ಹಕ್ಕು ಎಂದ ಮೇಲೆ ಅದು ಚಾವಣಿಯ ಬೆಲೆಯ ಮೇಲೆ ನಿಲ್ಲಬಾರದು.

ಆಕಾಶಕ್ಕೆ ತೆರೆದದ್ದೆಲ್ಲ ಪೊಲೀಸರಿಗೂ ತೆರೆದದ್ದೇ? ಅಮೆರಿಕದಲ್ಲಿ ಇದು ಡ್ರೋನಿಗಿಂತ ಮುಂಚೆಯೇ ಕೋರ್ಟಿಗೆ ಹೋದ ಪ್ರಶ್ನೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಒಬ್ಬಾತ 6 ಅಡಿಯ ಹೊರಬೇಲಿ, 10 ಅಡಿಯ ಒಳಬೇಲಿ ಹಾಕಿ ಹಿತ್ತಿಲಲ್ಲಿ ಗಾಂಜಾ ಬೆಳೆದಿದ್ದ. ಪೊಲೀಸರು ಸಣ್ಣ ವಿಮಾನದಲ್ಲಿ ಹೋಗಿ 1,000 ಅಡಿ ಎತ್ತರದಿಂದ ನೋಡಿದರು. ಆ ಎತ್ತರದಲ್ಲಿ ಯಾರು ಬೇಕಾದರೂ ಹಾರಬಹುದಿತ್ತು, ಯಾರು ಬೇಕಾದರೂ ನೋಡಬಹುದಿತ್ತು, ಆದ್ದರಿಂದ ವಾರಂಟ್ ಬೇಡ ಎಂದು 1986ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಲ್ಲಿ ಹೇಳಿತು. 1989ರಲ್ಲಿ ಫ್ಲಾರಿಡಾದ ಇನ್ನೊಂದು ಪ್ರಕರಣ ಬಂತು. ಹಸಿರುಮನೆಯ ಸೂರಿನ ಒಂದೆರಡು ಹಲಗೆ ಕಳಚಿಹೋಗಿದ್ದವು; ಹೆಲಿಕಾಪ್ಟರು 400 ಅಡಿಗೆ ಇಳಿದು ಆ ಸಂದಿಯಲ್ಲಿ ಇಣುಕಿತು. ಮತ್ತೆ ವಾರಂಟ್ ಬೇಡ ಎಂದಾಯಿತು. ಆ ಹಾರಾಟದಿಂದ ಕೆಳಗಿನವರಿಗೆ ಅತಿಯಾದ ಸದ್ದಾಗಲಿ, ಗಾಳಿಯಾಗಲಿ, ಧೂಳಾಗಲಿ ಬಂದಿಲ್ಲ ಎಂಬುದನ್ನೂ ನ್ಯಾಯಮೂರ್ತಿಗಳು ಗಮನಿಸಿದರು.

ಈ ಮಾತಿಗೆ ಭಿನ್ನಮತದ ನ್ಯಾಯಮೂರ್ತಿ ಬ್ರೆನನ್ ಕೊಟ್ಟ ಉತ್ತರವನ್ನು ಓದಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಸದ್ದಿಲ್ಲದ, ಗಾಳಿ ಎಬ್ಬಿಸದ, ಧೂಳೆಬ್ಬಿಸದ ಒಂದು ಹೆಲಿಕಾಪ್ಟರನ್ನು ಊಹಿಸಿಕೊಳ್ಳಿ ಎಂದರು ಅವರು. ಅದು ಯಾರದೋ ಮನೆಯಂಗಳದ ನೆತ್ತಿಗೆ ಬಂದು ನಿಂತು ಒಳಗಿನ ಬದುಕನ್ನೆಲ್ಲ ನೋಡುತ್ತಿದೆ, ಕೆಳಗಿನವರಿಗೆ ಗೊತ್ತೇ ಆಗುವುದಿಲ್ಲ. ಸದ್ದು, ಗಾಳಿ, ಧೂಳುಗಳೇ ಅಳತೆಗೋಲಾದರೆ ಅದೂ ಸರಿಯೇ ಎನ್ನಬೇಕಾಗುತ್ತದಲ್ಲ? 1989ರಲ್ಲಿ ಅದು ಬರೀ ಊಹೆ. ಇವತ್ತು ಆ ಯಂತ್ರ ನಮ್ಮ ಜಾತ್ರೆಯ ತೇರಿನ ಮೇಲೆ, ಮದುವೆ ಚಪ್ಪರದ ಮೇಲೆ ಹಾರುತ್ತಿದೆ. ಬೆನ್ನಿಗೆ ಹಾಕುವ ಚೀಲದಲ್ಲಿ ಹಿಡಿಯುತ್ತದೆ. ಅಲಾಸ್ಕ ರಾಜ್ಯದ ಸುಪ್ರೀಂ ಕೋರ್ಟು 2024ರ ಮಾರ್ಚ್‌ನಲ್ಲಿ, ತನ್ನ ರಾಜ್ಯದ ಸಂವಿಧಾನದ ಬಲದ ಮೇಲೆ, ವಿಮಾನದಿಂದ ಜೂಮ್ ಲೆನ್ಸ್ ಹಾಕಿ ಮನೆಯ ಆವರಣವನ್ನು ನೋಡುವುದಕ್ಕೆ ವಾರಂಟ್ ಬೇಕೇ ಬೇಕು ಎಂದಿತು. ಅಲಾಸ್ಕದಲ್ಲಿ ಊರಿಂದೂರಿಗೆ ಸಣ್ಣ ವಿಮಾನವೇ ಬಸ್ಸು. ಅಂಥ ನಾಡಿನ ಕೋರ್ಟೇ, ಮೇಲೆ ವಿಮಾನ ಹಾರುತ್ತದೆ ಎಂದು ಗೊತ್ತಿದ್ದ ಮಾತ್ರಕ್ಕೆ ಜನ ತಮ್ಮ ಅಂಗಳವನ್ನು ಪೊಲೀಸರ ಲೆನ್ಸಿಗೆ ಒಪ್ಪಿಸಿದಂತಲ್ಲ ಎಂದಿರುವುದಕ್ಕೆ ತೂಕವಿದೆ.

ಆದರೂ ನಮಗೆ ಹೆಚ್ಚು ಹತ್ತಿರವಾದ ಉದಾಹರಣೆ ಫ್ರಾನ್ಸಿನದು. 2020ರ ಮಾರ್ಚ್‌ನಲ್ಲಿ ಅಲ್ಲಿಯೂ ಲಾಕ್‌ಡೌನ್ ಬಂತು, ಪ್ಯಾರಿಸ್ ಪೊಲೀಸರು ಬೀದಿಗಳ ಮೇಲೆ ಡ್ರೋನ್ ಬಿಟ್ಟರು. ನಮ್ಮ ಊರುಗಳಲ್ಲೂ ಅದೇ ಹೊತ್ತಿಗೆ ಅದೇ ನಡೆಯಿತು. ನಾವು ಆ ಡ್ರೋನುಗಳ ವಿಡಿಯೊ ನೋಡಿ ಸುಮ್ಮನಾದೆವು. ಅಲ್ಲಿ ಎರಡು ಸಂಘಟನೆಗಳು ಕೋರ್ಟಿಗೆ ಹೋದವು. ಕೆಳಗಿನ ನ್ಯಾಯಮಂಡಳಿ ಅರ್ಜಿ ತಳ್ಳಿಹಾಕಿತು. ಮೇಲ್ಮನವಿಯಲ್ಲಿ ಪೊಲೀಸರು ಹೇಳಿದ್ದು ಇದು: ನಾವು 80ರಿಂದ 100 ಮೀಟರ್ ಎತ್ತರದಲ್ಲೇ ಹಾರಿಸುತ್ತೇವೆ, ಜೂಮ್ ಬಳಸುವುದಿಲ್ಲ, ಯಾವುದನ್ನೂ ರೆಕಾರ್ಡ್ ಮಾಡುವುದಿಲ್ಲ, ಯಾರನ್ನೂ ಗುರುತಿಸುವುದಿಲ್ಲ. ಒಳ್ಳೆಯ ಭರವಸೆಗಳೇ. ಆದರೆ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ 2020ರ ಮೇ 18ರಂದು, ಭರವಸೆಯನ್ನು ನೋಡದೆ ಯಂತ್ರವನ್ನು ನೋಡಿತು. ಈ ಯಂತ್ರಕ್ಕೆ ಜೂಮ್ ಇದೆ, ಇದು ಕೆಳಗೆ ಇಳಿಯಬಲ್ಲದು, ಮುಖ ಗುರುತಿಸದಂತೆ ತಡೆಯುವ ಯಾವ ತಾಂತ್ರಿಕ ಏರ್ಪಾಡೂ ಇದರಲ್ಲಿಲ್ಲ, ಆದ್ದರಿಂದ ಕಾನೂನಿನ ಆಧಾರ ಬರುವವರೆಗೆ ನಿಲ್ಲಿಸಿ ಎಂದಿತು.

ಪೊಲೀಸರು ಸುಮ್ಮನಾಗಲಿಲ್ಲ. ಮುಖಗಳನ್ನು ಮಸುಕು ಮಾಡುವ ತಂತ್ರಾಂಶ ಹಾಕಿ ಪ್ರತಿಭಟನೆಗಳ ಮೇಲೆ ಮತ್ತೆ ಹಾರಿಸಿದರು. ಮಸುಕು ಮಾಡುವ ಮೊದಲು ಮುಖ ನಿಮ್ಮ ಯಂತ್ರಕ್ಕೆ ಬಂದೇ ಬರುತ್ತದಲ್ಲ ಎಂದು ಅದೇ ನ್ಯಾಯಾಲಯ ಡಿಸೆಂಬರ್ 22ರಂದು ಮತ್ತೆ ತಡೆಯಿತು. ಮರುವರ್ಷ ಸಂಸತ್ತು ಕಾನೂನು ಮಾಡಿತು. ಪೊಲೀಸರಿಗೆ ಕೊಟ್ಟ ಅಧಿಕಾರ ಅತಿ ಸಡಿಲವಾಗಿದೆ ಎಂದು ಸಂವಿಧಾನ ಮಂಡಳಿ 2021ರ ಮೇನಲ್ಲಿ ಡ್ರೋನಿನ ಭಾಗವನ್ನು ಹೊಡೆದುಹಾಕಿತು. 2022ರ ಜನವರಿಯಲ್ಲಿ ಬಿಗಿಯಾದ ಇನ್ನೊಂದು ಕಾನೂನು ಬಂತು. ಈಗ ಅಲ್ಲಿ ಜಿಲ್ಲೆಯ ಪ್ರಿಫೆಕ್ಟ್, ಅಂದರೆ ನಮ್ಮ ಜಿಲ್ಲಾಧಿಕಾರಿಯಂಥ ಅಧಿಕಾರಿ, ಉದ್ದೇಶ, ಜಾಗ, ಅವಧಿ ಇಷ್ಟನ್ನೂ ಬರೆದು ಅನುಮತಿ ಕೊಡಬೇಕು. ಮನೆಯ ಒಳಭಾಗಕ್ಕೆ ಲೆನ್ಸ್ ತಿರುಗಿಸುವಂತಿಲ್ಲ. ಪ್ರಕರಣಕ್ಕೆ ಬೇಕಾಗದ ಚಿತ್ರ 7 ದಿನಕ್ಕಿಂತ ಹೆಚ್ಚು ಉಳಿಯುವಂತಿಲ್ಲ. ಡ್ರೋನಿಗೆ ಮುಖಚಹರೆ ಗುರುತಿಸುವ ತಂತ್ರಾಂಶ ಜೋಡಿಸುವಂತಿಲ್ಲ.

ಇಷ್ಟಾದರೂ ಫ್ರೆಂಚ್ ಪೊಲೀಸರು ಡ್ರೋನ್ ಕಳೆದುಕೊಳ್ಳಲಿಲ್ಲ ಎಂಬುದನ್ನು ಗಮನಿಸಿ. ಕೋರ್ಟು ಎರಡು ಸಲ, ಸಂವಿಧಾನ ಮಂಡಳಿ ಒಂದು ಸಲ ತಡೆದದ್ದರಿಂದ ಜನರಿಗೆ ಒಂದು ಒಳ್ಳೆಯ ಕಾನೂನು ಸಿಕ್ಕಿತು. ಕಾನೂನು ಕೇಳಿದರೆ ಪೊಲೀಸರ ಕೈ ಕಟ್ಟಿದಂತೆ ಎಂದು ವಾದಿಸುವವರು ಈ ಎರಡು ವರ್ಷದ ಕಥೆಯನ್ನು ಓದಬೇಕು.

ನಮಗೂ ಇಂಥ ದಾರಿ ಹೊಸದೇನಲ್ಲ. ದೂರವಾಣಿ ಕದ್ದಾಲಿಕೆಯನ್ನು ನೆನೆಯಿರಿ. 1885ರ ಟೆಲಿಗ್ರಾಫ್ ಕಾಯ್ದೆಯ ಒಂದು ಕಲಮನ್ನು ಹಿಡಿದು ಸರ್ಕಾರಗಳು ಫೋನು ಕೇಳುತ್ತಿದ್ದವು. ಯಾರು ಆದೇಶ ಕೊಡಬೇಕು, ಎಷ್ಟು ದಿನ ಎಂಬುದಕ್ಕೆ ಸರಿಯಾದ ಕ್ರಮ ಇರಲಿಲ್ಲ. ಅದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದು ಕನ್ನಡಿಗರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಈ ಕದ್ದಾಲಿಕೆಯ ವಿವಾದದಲ್ಲೇ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕಟ್ಟಳೆ ಹಾಕಿತು: ಗೃಹ ಕಾರ್ಯದರ್ಶಿಯೇ ಸಹಿ ಮಾಡಬೇಕು, ಆದೇಶ ಎರಡು ತಿಂಗಳು ಮಾತ್ರ, ಮುಂದುವರಿಸಿದರೂ ಆರು ತಿಂಗಳು ಮೀರುವಂತಿಲ್ಲ, ಮೇಲೆ ಒಂದು ಪರಿಶೀಲನಾ ಸಮಿತಿ ಇರಬೇಕು. ಆ ಕಟ್ಟಳೆಗಳೇನೂ ಪರಿಪೂರ್ಣವಲ್ಲ. ಆದರೆ ಅಕ್ರಮ ನಡೆದರೆ ಅಕ್ರಮ ಎಂದು ತೋರಿಸಲು ಒಂದು ಗೆರೆಯಾದರೂ ಇದೆ. ಮನೆ ಶೋಧಕ್ಕೂ ಹಾಗೆಯೇ. ತುರ್ತಿನಲ್ಲಿ ವಾರಂಟ್ ಇಲ್ಲದೆ ಮನೆ ಶೋಧಿಸಿದರೂ ತನಿಖಾಧಿಕಾರಿ ಕಾರಣ ಬರೆದಿಡಬೇಕು, ಅದರ ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಹೊಸಿಲು ದಾಟುವ ಪೊಲೀಸನಿಗೆ ಇಷ್ಟು ಕಟ್ಟು ಇರುವಾಗ, ಹೊಸಿಲನ್ನೇ ಮುಟ್ಟದೆ ತೊಟ್ಟಿಗೆ ಇಳಿಯುವ ಲೆನ್ಸಿಗೆ ಒಂದು ಸಾಲಿನ ಕಾರಣವೂ ಬೇಡವೇ?

ಬಹಳ ಮಂದಿ ಹೇಳುವ ಮಾತೊಂದಿದೆ: ತಪ್ಪು ಮಾಡದವನಿಗೆ ಭಯವೇಕೆ? ಇದನ್ನು ಹೇಳುವವರು ಕೆಟ್ಟವರಲ್ಲ, ಅವರಿಗೆ ಪೊಲೀಸರ ಮೇಲೆ ನಂಬಿಕೆ ಇದೆ. ಆದರೆ ಡ್ರೋನಿನ ಚಿತ್ರ ತೆಗೆದ ದಿನಕ್ಕೇ ಮುಗಿಯುವ ವಸ್ತುವಲ್ಲ. 2020ರ ದೆಹಲಿ ಗಲಭೆಯ ನಂತರ, ಚಾಲನಾ ಪರವಾನಗಿ ಮತ್ತು ಮತದಾರರ ಗುರುತಿನ ಚೀಟಿಯ ಚಿತ್ರಗಳನ್ನು ಮುಖ ಗುರುತಿಸುವ ತಂತ್ರಾಂಶಕ್ಕೆ ಹಾಕಿ 1,100ಕ್ಕೂ ಹೆಚ್ಚು ಜನರನ್ನು ಪತ್ತೆ ಮಾಡಿದ್ದೇವೆ ಎಂದು ಗೃಹ ಸಚಿವರು ಅದೇ ಮಾರ್ಚ್‌ನಲ್ಲಿ ಲೋಕಸಭೆಗೆ ತಿಳಿಸಿದರು. ಗಲಭೆಕೋರರನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮತ ಹಾಕಲೆಂದು ಕೊಟ್ಟ ಫೋಟೊ ಹೀಗೆ ಬಳಕೆಯಾಗುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ. ಇವತ್ತು ಶಾಂತವಾಗಿ ನಡೆದ ಮೆರವಣಿಗೆಯ ಚಿತ್ರ ಎಲ್ಲೋ ಒಂದು ಡಿಸ್ಕಿನಲ್ಲಿ ಉಳಿದರೆ, ಐದು ವರ್ಷದ ನಂತರ ಅದನ್ನು ಯಾರು, ಯಾವ ಉದ್ದೇಶಕ್ಕೆ ತೆರೆಯುತ್ತಾರೆ? ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದ ಅಂಗನವಾಡಿ ಕಾರ್ಯಕರ್ತೆ ತನ್ನ ಮುಖ ಯಾವ ಕಡತದಲ್ಲಿ ಸೇರಿತು ಎಂದು ಹೆದರಿ ಮುಂದಿನ ಸಲ ಬಾರದೆ ಹೋದರೆ, ಸುಬ್ಬರಾವ್ ಹೇಳಿದ ಸೆರೆಮನೆ ಅದೇ. ಸಾರ್ವಜನಿಕ ಜಾಗದಲ್ಲಿ ನಿಂತ ಮಾತ್ರಕ್ಕೆ ಖಾಸಗಿತನ ಹೋಗುವುದಿಲ್ಲ, ಅದು ಜಾಗಕ್ಕಲ್ಲ, ವ್ಯಕ್ತಿಗೆ ಅಂಟಿಕೊಂಡಿದೆ ಎಂದು 2017ರ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಬರೆದಿರುವುದು ಇಂಥ ಸಂದರ್ಭಕ್ಕೇ.

ನೋಡುವ ಯಂತ್ರ ನೋಡುವುದಕ್ಕಷ್ಟೇ ನಿಲ್ಲುವುದೂ ಇಲ್ಲ. 2024ರ ಫೆಬ್ರವರಿಯಲ್ಲಿ ಪಂಜಾಬ್ ಮತ್ತು ಹರಿಯಾಣದ ಶಂಭು ಗಡಿಯಲ್ಲಿ ರೈತರ ಮೇಲೆ ಹರಿಯಾಣ ಪೊಲೀಸರು ಡ್ರೋನಿನಿಂದ ಅಶ್ರುವಾಯು ಶೆಲ್ ಬೀಳಿಸಿದರು. ನಮ್ಮ ಗಡಿಯೊಳಗೆ ನಿಮ್ಮ ಡ್ರೋನ್ ಬರುವುದೇಕೆ ಎಂದು ಪಂಜಾಬಿನ ಅಧಿಕಾರಿಗಳೇ ಆಕ್ಷೇಪ ಎತ್ತಿದರು. ರೈತರು ಗಾಳಿಪಟ ಹಾರಿಸಿ, ಅದರ ದಾರಕ್ಕೆ ಡ್ರೋನು ಸಿಕ್ಕಿಬೀಳುವಂತೆ ಮಾಡಲು ನೋಡಿದರು. ಒಂದು ಪ್ರಜಾಪ್ರಭುತ್ವದಲ್ಲಿ ಪ್ರಜೆಗೆ ಕಾನೂನಿನ ರಕ್ಷಣೆ ಇರಬೇಕಾದ ಜಾಗದಲ್ಲಿ ಗಾಳಿಪಟದ ದಾರ ಇತ್ತು ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಕರ್ನಾಟಕದ ವಿಧಾನಮಂಡಲ ಮನಸ್ಸು ಮಾಡಿದರೆ ದೆಹಲಿಗಾಗಿ ಕಾಯಬೇಕಾಗಿಲ್ಲ. ಪೊಲೀಸ್ ಎಂಬುದು ಸಂವಿಧಾನದಲ್ಲಿ ರಾಜ್ಯಪಟ್ಟಿಯ ವಿಷಯ. ಅಮೆರಿಕದ ಇಲಿನಾಯ್ ರಾಜ್ಯ 2013ರಲ್ಲೇ ಪೊಲೀಸ್ ಡ್ರೋನಿಗೆ ಕಾಯ್ದೆ ಮಾಡಿತು: ಸಾಮಾನ್ಯವಾಗಿ ವಾರಂಟ್ ಬೇಕು, ತುರ್ತಿಗೆ ಮತ್ತು ಕಾಣೆಯಾದವರ ಹುಡುಕಾಟಕ್ಕೆ ವಿನಾಯಿತಿ ಇದೆ, ಪ್ರಕರಣಕ್ಕೆ ಸಂಬಂಧವಿಲ್ಲದ ಚಿತ್ರಗಳನ್ನು 30 ದಿನದೊಳಗೆ ಅಳಿಸಬೇಕು. ಕ್ಯಾಲಿಫೋರ್ನಿಯಾದ ಚುಲಾ ವಿಸ್ಟಾ ಎಂಬ ಊರಿನಲ್ಲಿ ತುರ್ತು ಕರೆ ಬಂದ ಕೂಡಲೇ ಠಾಣೆಯ ಛಾವಣಿಯಿಂದ ಡ್ರೋನ್ ಹಾರುತ್ತದೆ; ಎಲ್ಲಿಗೆ, ಯಾವ ಹೊತ್ತಿಗೆ, ಯಾವ ಕಾರಣಕ್ಕೆ ಹಾರಿತು ಎಂಬುದನ್ನು ಪೊಲೀಸರೇ ಜನರಿಗೆ ಪ್ರಕಟಿಸುತ್ತಾರೆ. ಚಿತ್ರಗಳನ್ನು ಮಾತ್ರ ಕೊಡಲಾಗದು, ಎಲ್ಲವೂ ತನಿಖೆಯ ದಾಖಲೆ ಎಂದು ಅವರು ಹೇಳಿದಾಗ ಸ್ಥಳೀಯ ಪತ್ರಿಕೆಯ ಪ್ರಕಾಶಕರು ಕೋರ್ಟಿಗೆ ಹೋದರು. ರಸ್ತೆಯಲ್ಲಿ ಕೆಟ್ಟು ನಿಂತ ಕಾರಿನ ಚಿತ್ರವೂ ತನಿಖೆಯ ದಾಖಲೆ ಆಗಲಾರದು, ಒಂದೊಂದನ್ನೂ ವಿಂಗಡಿಸಿ ನೋಡಿ ಎಂಬ ಧಾಟಿಯಲ್ಲಿ 2023ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ನಮ್ಮ ಕೈಯಲ್ಲೂ ಒಂದು ಅಸ್ತ್ರ ಇದೆ, 2005ರ ಮಾಹಿತಿ ಹಕ್ಕು ಕಾಯ್ದೆ. ನಿಮ್ಮ ನಗರದ ಪೊಲೀಸ್ ಆಯುಕ್ತರ ಕಚೇರಿಗೋ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೋ, ಅಲ್ಲಿನ ಸಾರ್ವಜನಿಕ ಮಾಹಿತಿ ಅಧಿಕಾರಿಯ ಹೆಸರಿಗೆ, ಕನ್ನಡದಲ್ಲೇ ಅರ್ಜಿ ಬರೆಯಬಹುದು. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ದಾಟಬಾರದು. ಯಾರ ಮೇಲಿನ ತನಿಖೆಯ ವಿವರವನ್ನೂ ಕೇಳಬೇಡಿ, ಅದನ್ನು ನಿರಾಕರಿಸಲು ಅವರಿಗೆ ಅಧಿಕಾರವಿದೆ. ನಿಮ್ಮ ಕಚೇರಿಯಲ್ಲಿ ಎಷ್ಟು ಡ್ರೋನ್‌ಗಳಿವೆ, ಕಳೆದ ವರ್ಷ ಎಷ್ಟು ಸಲ ಹಾರಿಸಿದ್ದೀರಿ, ಹಾರಿಸಲು ಲಿಖಿತ ಆದೇಶ ಕೊಡುವ ಅಧಿಕಾರಿ ಯಾವ ದರ್ಜೆಯವರು, ಯಾವ ಕಾಯ್ದೆಯ ಯಾವ ಕಲಮಿನಡಿ, ಚಿತ್ರ ಎಷ್ಟು ದಿನ ಇರುತ್ತದೆ, ಅಳಿಸಿದ್ದಕ್ಕೆ ದಾಖಲೆ ಇದೆಯೇ, ಇಷ್ಟು ಕೇಳಿ. ಉತ್ತರ 30 ದಿನದೊಳಗೆ ಬರಬೇಕು. ಬರದಿದ್ದರೆ, ಅಥವಾ ಬಂದದ್ದು ಉತ್ತರವೇ ಅಲ್ಲದಿದ್ದರೆ, ಅದೇ ಕಚೇರಿಯ ಮೇಲಧಿಕಾರಿಗೆ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಕಲಮು ಯಾವುದು ಎಂಬ ಪ್ರಶ್ನೆಗೆ ಬರುವ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮ ಕ್ಷೇತ್ರದ ಶಾಸಕರಿಗೂ ಅದರ ಒಂದು ಪ್ರತಿ ಕಳುಹಿಸಿ, ಮುಂದಿನ ಅಧಿವೇಶನದಲ್ಲಿ ಅವರು ಎದ್ದು ಕೇಳಲಿ.